ಟೈರ್ ಬದಲಿಸುವಾಗ ಅಗಲವೊಂದನ್ನೇ ನೋಡಬೇಡಿ

ಮಾನ್ಯ ಸಂಪಾದಕರೇ,

ಮುಂಗಾರು ಹತ್ತಿರವಾದಂತೆ ಊರೂರಿನ ಟೈರ್ ಅಂಗಡಿಗಳ ಮುಂದೆ ಕಾರುಗಳು ಸಾಲುಗಟ್ಟುತ್ತವೆ. ಸವೆದ ಟೈರನ್ನು ಮಳೆ ಹಿಡಿಯುವ ಮೊದಲೇ ಬದಲಿಸಬೇಕೆಂಬ ಎಚ್ಚರ ಜನರಲ್ಲಿ ಬೆಳೆದಿರುವುದು ಸಂತೋಷದ ಸಂಗತಿ. ಆದರೆ ಆ ಅಂಗಡಿಗಳಲ್ಲಿ ನಡೆಯುವ ಮಾತುಕತೆಯನ್ನು ಗಮನಿಸಿದರೆ, ಗ್ರಾಹಕರು ಕೇಳುವುದು ಯಾವ ಕಂಪನಿ, ಎಷ್ಟು ಬೆಲೆ ಎಂಬ ಎರಡೇ ಪ್ರಶ್ನೆಗಳನ್ನು. ಅಳತೆಯ ಮಾತನ್ನು ಎತ್ತುವವರು ಅಂಗಡಿಯವರು: "ಇದಕ್ಕೆ ಒಂದು ಸೈಜ್ ದೊಡ್ಡದು ಕೂರುತ್ತೆ ಸಾರ್, ಗ್ರಿಪ್ ಚೆನ್ನಾಗಿರುತ್ತೆ, ಗಾಡಿಗೂ ಲುಕ್ ಬರುತ್ತೆ." ಈ ಒಂದು ಮಾತಿಗೆ ತಲೆಯಾಡಿಸಿ, ಮನೆಮಂದಿಯೆಲ್ಲ ಓಡಾಡುವ ಕಾರಿಗೆ ಅದರ ತಯಾರಕರು ಎಂದೂ ಹೇಳದ ಅಳತೆಯ ಟೈರ್ ಹಾಕಿಸಿಕೊಂಡು ಹೋಗುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ವಿಷಯ ಕಲಿಸಿದವನಾಗಿ ಈ ಬಗ್ಗೆ ನಿಮ್ಮ ಓದುಗರಿಗೆ ನಾಲ್ಕು ಮಾತು ತಿಳಿಸಬೇಕೆಂಬ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ. ವಿಷಯಕ್ಕೆ ಅದು ಅಗತ್ಯವೆಂದು ತಾವು ಒಪ್ಪುವಿರೆಂದು ನಂಬಿದ್ದೇನೆ.

ಟೈರಿನ ಪಕ್ಕದ ಗೋಡೆಯ ಮೇಲೆ ಅಚ್ಚಾಗಿರುವ ಸಂಖ್ಯೆಗಳನ್ನು ಮೊದಲು ನೋಡೋಣ. ಮಾರುತಿ ಸ್ವಿಫ್ಟ್ ನಮ್ಮ ರಾಜ್ಯದ ಪ್ರತಿ ಬೀದಿಯಲ್ಲೂ ಕಾಣುವ ಕಾರಾದ್ದರಿಂದ ಅದನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. 2018ರಲ್ಲಿ ಬಂದ ಸ್ವಿಫ್ಟ್‌ನ ಕೆಳಗಿನ ಆವೃತ್ತಿಗಳಿಗೆ ಕಂಪನಿ ಕೊಟ್ಟ ಟೈರ್ 165/80 ಆರ್14. ಇದರಲ್ಲಿ 165 ಎಂಬುದು ಗಾಳಿ ತುಂಬಿದ ಟೈರಿನ ಅಗಲ, ಮಿಲಿಮೀಟರ್‌ಗಳಲ್ಲಿ. 80 ಎಂಬುದು ಮಿಲಿಮೀಟರ್ ಅಲ್ಲ. ಪಕ್ಕದ ಗೋಡೆಯ ಎತ್ತರವು ಅಗಲದ ಶೇ 80ರಷ್ಟು, ಅಂದರೆ 132 ಮಿ.ಮೀ. ಇದೆ ಎಂದು ಅದರ ಅರ್ಥ. ಆರ್ ಎಂದರೆ ರೇಡಿಯಲ್ ಟೈರ್, 14 ಎಂದರೆ ರಿಮ್ಮಿನ ವ್ಯಾಸ, ಇಂಚುಗಳಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾವಾರು, ಇಂಚು ಮೂರೂ ಬೆರೆತಿರುವುದರಿಂದಲೇ ಸಾಮಾನ್ಯ ಗ್ರಾಹಕರು ಮೊದಲ ಸಂಖ್ಯೆಯನ್ನು ಮಾತ್ರ ಓದಿ ಉಳಿದದ್ದನ್ನು ಅಂಗಡಿಯವರಿಗೆ ಬಿಟ್ಟುಬಿಡುತ್ತಾರೆ.

ನಡುವಿನ ಸಂಖ್ಯೆ ಶೇಕಡಾವಾರು ಎಂಬುದನ್ನು ಮರೆತರೆ ಲೆಕ್ಕವೆಲ್ಲ ತಪ್ಪುತ್ತದೆ. ಅಗಲ ಹೆಚ್ಚಿದರೆ ಅದೇ ಶೇಕಡಾವಾರಿನಲ್ಲಿ ಗೋಡೆಯ ಎತ್ತರವೂ ಹೆಚ್ಚುತ್ತದೆ. ಆದ್ದರಿಂದ ಅಗಲ ಹೆಚ್ಚಿಸಿದವರು ಶೇಕಡಾವಾರನ್ನು ಇಳಿಸಲೇಬೇಕು, ಎಷ್ಟು ಇಳಿಸಬೇಕೆಂಬುದನ್ನು ಚಕ್ರದ ಒಟ್ಟು ವ್ಯಾಸ ನಿರ್ಧರಿಸುತ್ತದೆ. 14 ಇಂಚಿನ ರಿಮ್ ಎಂದರೆ 355.6 ಮಿ.ಮೀ.; ಅದಕ್ಕೆ ಮೇಲೊಂದು ಕೆಳಗೊಂದು ಎಂದು 132 ಮಿ.ಮೀ.ನ ಎರಡು ಗೋಡೆ ಸೇರಿಸಿದರೆ 619.6 ಮಿ.ಮೀ. ಇದು ಸ್ವಿಫ್ಟ್‌ನ ಮೂಲ ಚಕ್ರದ ವ್ಯಾಸ. ಅದೇ ಕಾರಿನ ಮೇಲಿನ ಆವೃತ್ತಿಗಳಿಗೆ ಕಂಪನಿ ಕೊಟ್ಟದ್ದು 185/65 ಆರ್15. ಅದರ ಗೋಡೆ 120.25 ಮಿ.ಮೀ., ರಿಮ್ 381 ಮಿ.ಮೀ., ಒಟ್ಟು 621.5 ಮಿ.ಮೀ. ಎರಡಕ್ಕೂ ಇರುವ ವ್ಯತ್ಯಾಸ ಎರಡು ಮಿಲಿಮೀಟರಿಗೂ ಕಡಿಮೆ! ಕಂಪನಿಯ ಎಂಜಿನಿಯರುಗಳು ಅಗಲವನ್ನು 20 ಮಿ.ಮೀ. ಹೆಚ್ಚಿಸಿದಾಗ ಶೇಕಡಾವಾರನ್ನೂ ರಿಮ್ಮನ್ನೂ ಜೊತೆಜೊತೆಗೇ ಬದಲಿಸಿ ವ್ಯಾಸವನ್ನು ಇದ್ದಲ್ಲೇ ಹಿಡಿದಿಟ್ಟಿದ್ದಾರೆ. ಅಂಗಡಿಯಲ್ಲಿ ನಿಂತಾಗ ಗ್ರಾಹಕರು ನೆನಪಿಡಬೇಕಾದದ್ದು ಈ ವ್ಯಾಸವನ್ನು.

ಈಗ 165/80 ಆರ್14 ಇರುವ ಕಾರಿಗೆ ಅದೇ 14 ಇಂಚಿನ ರಿಮ್ಮಿನ ಮೇಲೆ ಅಂಗಡಿಗಳಲ್ಲಿ ಸೂಚಿಸುವ ಅಳತೆಗಳನ್ನು ಇದೇ ಲೆಕ್ಕಕ್ಕೆ ಒಡ್ಡಿ ನೋಡಬಹುದು. 185/70 ಆರ್14 ಹಾಕಿದರೆ ವ್ಯಾಸ 614.6 ಮಿ.ಮೀ., ಅಂದರೆ ಮೂಲಕ್ಕಿಂತ ಶೇ 0.8ರಷ್ಟು ಮಾತ್ರ ಕಡಿಮೆ. ವ್ಯಾಸದ ಮಟ್ಟಿಗೆ ಇದರಲ್ಲಿ ದೋಷವಿಲ್ಲ. 175/70 ಆರ್14 ಹಾಕಿದರೆ 600.6 ಮಿ.ಮೀ., ಶೇ 3ರಷ್ಟು ಕಡಿಮೆ. 185/65 ಆರ್14 ಹಾಕಿದರೆ 596.1 ಮಿ.ಮೀ., ಶೇ 3.8ರಷ್ಟು ಕಡಿಮೆ. 175/65 ಆರ್14 ಆದರೆ 583.1 ಮಿ.ಮೀ.ಗೆ ಇಳಿದು ಸುಮಾರು ಶೇ 6ರಷ್ಟು ಕಡಿಮೆಯಾಗುತ್ತದೆ. ಕೊನೆಯದರಲ್ಲಿ ಕಾರಿನ ತಳ ನೆಲಕ್ಕೆ 18 ಮಿ.ಮೀ.ನಷ್ಟು ಹತ್ತಿರವಾಗುತ್ತದೆ. ನಮ್ಮ ಊರುಗಳ ರಸ್ತೆ ಉಬ್ಬುಗಳ ಎತ್ತರ ಗೊತ್ತಿರುವ ಯಾರಿಗೂ ಆ 18 ಮಿ.ಮೀ. ಸಣ್ಣದೆನಿಸದು. ಅಗಲದ ಟೈರ್ ಹಾಕಿಸಿದ ಮೇಲೆ ಗಾಡಿ ಹಂಪ್‌ಗೆ ತಾಗುತ್ತಿದೆ ಎಂದು ಸಸ್ಪೆನ್ಷನ್ ಬಿಚ್ಚಿಸಿ ನೋಡಿಸಿದವರನ್ನು ನಾನು ಬಲ್ಲೆ. ತೊಂದರೆಯ ಮೂಲ ಟೈರಿನ ನಡುವಿನ ಸಂಖ್ಯೆಯಲ್ಲಿತ್ತು.

ವ್ಯಾಸ ಬದಲಾದರೆ ಕಾರಿನ ಮೀಟರೂ ತಪ್ಪು ಹೇಳುತ್ತದೆ. ವೇಗವನ್ನೂ ದೂರವನ್ನೂ ಕಾರು ಲೆಕ್ಕ ಹಾಕುವುದು ಚಕ್ರ ಎಷ್ಟು ಸುತ್ತು ತಿರುಗಿತು ಎಂಬುದರ ಮೇಲೆ. ಚಕ್ರ ಚಿಕ್ಕದಾದರೆ ಅದೇ ದೂರಕ್ಕೆ ಹೆಚ್ಚು ಸುತ್ತು ಬೇಕು; ಹಾಗಾಗಿ ಮೀಟರಿನಲ್ಲಿ 1,000 ಕಿ.ಮೀ. ಎಂದು ತೋರಿದಾಗ, 185/65 ಆರ್14 ಹಾಕಿದ ಕಾರು ನಿಜದಲ್ಲಿ ಓಡಿರುವುದು ಸುಮಾರು 962 ಕಿ.ಮೀ. ಮಾತ್ರ. ಅಗಲದ ಟೈರ್ ಹಾಕಿಸಿಯೂ ಮೈಲೇಜ್ ಕಡಿಮೆಯಾಗಲಿಲ್ಲ ಎಂದು ಹೇಳುವವರಲ್ಲಿ ಹಲವರ ಲೆಕ್ಕದ ಹಿಂದೆ ಈ ಸುಳ್ಳು ಕಿಲೋಮೀಟರುಗಳೂ ಸೇರಿರುತ್ತವೆ. ಚಕ್ರ ದೊಡ್ಡದಾದಾಗ ಆಗುವುದು ಇದಕ್ಕೆ ವಿರುದ್ಧ, ಮತ್ತು ಹೆಚ್ಚು ಅಪಾಯಕಾರಿ. ಅಗಲವನ್ನು 185ಕ್ಕೆ ಏರಿಸಿ ನಡುವಿನ 80ನ್ನು ಹಾಗೆಯೇ ಬಿಟ್ಟರೆ ವ್ಯಾಸ 651.6 ಮಿ.ಮೀ. ಆಗಿ ಶೇ 5ಕ್ಕೂ ಹೆಚ್ಚು ಏರುತ್ತದೆ. ಮೀಟರ್ 80 ತೋರಿಸುವಾಗ ಕಾರು 84ರ ವೇಗದಲ್ಲಿ ಓಡುತ್ತಿರುತ್ತದೆ. ಕಾರಿನ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ತುಸು ಹೆಚ್ಚು ತೋರಿಸುವಂತೆಯೇ ಕಾರ್ಖಾನೆಯಲ್ಲಿ ಹೊಂದಿಸಿರುತ್ತಾರೆ, ಏಕೆಂದರೆ ಕಡಿಮೆ ತೋರಿಸುವುದಕ್ಕೆ ಮಾನದಂಡಗಳಲ್ಲಿ ಅವಕಾಶವಿಲ್ಲ. ದೊಡ್ಡ ಚಕ್ರ ಆ ಎಚ್ಚರಿಕೆಯ ಅಂತರವನ್ನು ತಿಂದುಹಾಕುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಂತೆ 100 ಕಿ.ಮೀ. ವೇಗಮಿತಿಯನ್ನು ಕ್ಯಾಮೆರಾಗಳು ಕಾಯುವ ರಸ್ತೆಯಲ್ಲಿ ಇದು ದಂಡದ ವಿಷಯವೂ ಹೌದು.

ಇನ್ನು ರಿಮ್ಮಿನ ಮಾತು. ಟೈರಿಗೆ ಅಗಲ ಇರುವಂತೆ ರಿಮ್ಮಿಗೂ ಅಗಲವಿದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. 14 ಇಂಚು ಎಂದರೆ ಅದರ ವ್ಯಾಸ ಮಾತ್ರ. ಪ್ರತಿಯೊಂದು ಟೈರ್ ಅಳತೆಗೂ ಇಷ್ಟರಿಂದ ಇಷ್ಟು ಇಂಚು ಅಗಲದ ರಿಮ್ಮಿನ ಮೇಲೆ ಕೂರಿಸಬಹುದೆಂಬ ಮಿತಿಯನ್ನು ಟೈರ್ ಮಾನದಂಡಗಳು ನಿಗದಿ ಮಾಡಿವೆ. 165/80 ಆರ್14ಕ್ಕೆ ಅದು 4ರಿಂದ 5.5 ಇಂಚು. 185/70 ಆರ್14ಕ್ಕೆ 4.5ರಿಂದ 6 ಇಂಚು. ಹೀಗಾಗಿ 5 ಇಂಚು ಅಗಲದ ಸಾಮಾನ್ಯ ಕಬ್ಬಿಣದ ರಿಮ್ಮಿನ ಮೇಲೆ ಎರಡೂ ಕೂರುತ್ತವೆ. ಆದರೆ 195/65ರಂಥ ಟೈರಿಗೆ ಕನಿಷ್ಠ 5.5 ಇಂಚಿನ ರಿಮ್ ಬೇಕು. 5 ಇಂಚಿನ ಮೇಲೆ ಅದನ್ನು ಏರಿಸಿದರೆ ಯಂತ್ರದಲ್ಲಿ ಕೂತಂತೆ ಕಂಡರೂ ನಿಯಮದ ಪ್ರಕಾರ ಅದು ತಪ್ಪು ಜೋಡಣೆ. ಇಕ್ಕಟ್ಟಾದ ರಿಮ್ಮಿನಲ್ಲಿ ಅಗಲದ ಟೈರಿನ, ರಿಮ್ಮಿಗೆ ಕಚ್ಚಿಕೊಳ್ಳುವ ಬುಡಗಳು ಒಳಕ್ಕೆ ಸೆಳೆಯಲ್ಪಟ್ಟು, ಗೋಡೆಗಳು ಹೊರಕ್ಕೆ ಉಬ್ಬಿ, ನೆಲ ಮುಟ್ಟುವ ಭಾಗ ಕಮಾನಾಗುತ್ತದೆ. ಆಗ ನಡುಭಾಗ ಬೇಗ ಸವೆಯುತ್ತದೆ, ತಿರುವಿನಲ್ಲಿ ಟೈರ್ ಪಕ್ಕಕ್ಕೆ ಹೊಯ್ದಾಡುತ್ತದೆ, ಮತ್ತು ಯಾವ ಹಿಡಿತಕ್ಕಾಗಿ ಅಗಲದ ಟೈರಿಗೆ ಹೆಚ್ಚು ಹಣ ಕೊಟ್ಟೆವೋ ಅದೇ ಕೈಗೆ ಸಿಗುವುದಿಲ್ಲ. ರಿಮ್ಮಿನ ಅಗಲ ಅರ್ಧ ಇಂಚು ಬದಲಾದರೆ ಅದೇ ಟೈರಿನ ಅಗಲ ಸುಮಾರು 5 ಮಿ.ಮೀ. ಬದಲಾಗುತ್ತದೆ, ಆದ್ದರಿಂದ ಇಕ್ಕಟ್ಟಾದ ರಿಮ್ಮಿನ ಮೇಲೆ ಕೂರಿಸಿದ 185ರ ಟೈರ್ ನಿಜಕ್ಕೂ 185 ಆಗಿಯೂ ಉಳಿಯುವುದಿಲ್ಲ. ರಿಮ್ಮಿನ ಅಗಲ ಅದರ ಮೇಲೆಯೇ 5ಜೆ ಅಥವಾ 5.5ಜೆ ಎಂದು ಅಚ್ಚಾಗಿರುತ್ತದೆ. ಟೈರ್ ಬಿಚ್ಚಿದಾಗ ಅದನ್ನು ಓದಿಕೊಳ್ಳುವುದು ಕಷ್ಟವಲ್ಲ.

ಅಗಲ ಹೆಚ್ಚಿದಷ್ಟೂ ಟೈರ್ ಹೆಚ್ಚು ಭಾರ ಹೊರುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಅಳತೆಯ ಪಕ್ಕದಲ್ಲೇ 85ಟಿ, 88ಎಚ್ ಎಂಬಂಥ ಗುರುತು ಇರುತ್ತದೆ. ಅದರಲ್ಲಿ ಸಂಖ್ಯೆ ಆ ಟೈರ್ ಹೊರಬಲ್ಲ ಗರಿಷ್ಠ ಭಾರದ ಸೂಚ್ಯಂಕ, ಅಕ್ಷರ ಗರಿಷ್ಠ ವೇಗದ್ದು. 85 ಎಂದರೆ ಒಂದು ಟೈರಿಗೆ 515 ಕೆ.ಜಿ., 88 ಎಂದರೆ 560 ಕೆ.ಜಿ.; ಟಿ ಎಂದರೆ ಗಂಟೆಗೆ 190 ಕಿ.ಮೀ., ಎಚ್ ಎಂದರೆ 210 ಕಿ.ಮೀ. ಈಗ ಇದನ್ನು ಗಮನಿಸಿ: 165/80 ಆರ್14 ಟೈರಿಗೆ ಸಾಮಾನ್ಯವಾಗಿ 85 ಇದ್ದರೆ, ಅದಕ್ಕಿಂತ ಅಗಲವಾದ 175/65 ಆರ್14 ಟೈರಿಗೆ ಇರುವುದು 82, ಅಂದರೆ 475 ಕೆ.ಜಿ. ಅಗಲ ಹೆಚ್ಚಿತು, ಹೊರುವ ಶಕ್ತಿ ಟೈರೊಂದಕ್ಕೆ 40 ಕೆ.ಜಿ. ಇಳಿಯಿತು. ಭಾರವನ್ನು ಹೊರುವುದು ಟೈರಿನ ಒಳಗಿರುವ ಗಾಳಿ. ಗೋಡೆ ಗಿಡ್ಡವಾದರೆ ಗಾಳಿಗೆ ಜಾಗ ಕಡಿಮೆಯಾಗುತ್ತದೆ ಎಂಬುದು ಇದರ ಕಾರಣ. ಐದು ಜನ ಕೂತು, ಡಿಕ್ಕಿಯಲ್ಲಿ ಅಕ್ಕಿ ಮೂಟೆ, ತೆಂಗಿನಕಾಯಿ, ಬ್ಯಾಗುಗಳನ್ನು ತುಂಬಿಕೊಂಡು ಹಬ್ಬಕ್ಕೆ ಊರಿಗೆ ಹೋಗುವುದು ನಮ್ಮ ಮನೆಗಳ ಕಾರುಗಳ ನಿತ್ಯದ ಕೆಲಸ. ಅಂಥ ಕಾರಿಗೆ ಮೂಲಕ್ಕಿಂತ ಕಡಿಮೆ ಸೂಚ್ಯಂಕದ ಟೈರನ್ನು ಯಾವ ಕಾರಣಕ್ಕೂ ಹಾಕಿಸಬಾರದು.

ಹಾಗಾದರೆ ಅಗಲದ ಟೈರಿನಿಂದ ಹಿಡಿತ ಹೆಚ್ಚುತ್ತದೆಯೇ? ಒಣ ರಸ್ತೆಯ ತಿರುವಿನಲ್ಲಿ ಸ್ವಲ್ಪಮಟ್ಟಿಗೆ ಹೌದು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಜನ ಊಹಿಸುವ ಕಾರಣಕ್ಕಲ್ಲ. ಕಾರಿನ ತೂಕ ಜನರ ಸಮೇತ 1,200 ಕೆ.ಜಿ. ಎಂದಿಟ್ಟುಕೊಂಡರೆ ಪ್ರತಿ ಚಕ್ರದ ಮೇಲೆ ಸರಾಸರಿ 300 ಕೆ.ಜಿ. ಬೀಳುತ್ತದೆ. 30 ಪಿಎಸ್‌ಐ ಗಾಳಿ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕೆ.ಜಿ. ಒತ್ತಡ. 300ನ್ನು 2.1ರಿಂದ ಭಾಗಿಸಿದರೆ ಸುಮಾರು 143 ಚದರ ಸೆಂಟಿಮೀಟರ್. ಅಂದಾಜಿನಲ್ಲಿ ಅಷ್ಟೇ ಜಾಗದಲ್ಲಿ ಟೈರ್ ನೆಲವನ್ನು ಮುಟ್ಟಿರುತ್ತದೆ, ಅದು 165 ಆದರೂ 185 ಆದರೂ. ಗಾಳಿಯ ಒತ್ತಡ ಒಂದೇ ಇದ್ದಾಗ ಅಗಲದಿಂದ ಬದಲಾಗುವುದು ಮುಖ್ಯವಾಗಿ ಆ ಜಾಗದ ಆಕಾರ. ಕಿರಿದಾದ ಟೈರ್ ನೆಲದ ಮೇಲೆ ಮೂಡಿಸುವ ಅಚ್ಚು ಉದ್ದವಾಗಿ, ಅಗಲದ ಟೈರಿನದು ಅಡ್ಡವಾಗಿ ಗಿಡ್ಡವಾಗಿ ಇರುತ್ತದೆ. ಅಡ್ಡದ ಅಚ್ಚು ಮತ್ತು ಗಿಡ್ಡ ಗೋಡೆ ತಿರುವಿನಲ್ಲಿ ಸ್ಟೀರಿಂಗಿಗೆ ಚುರುಕಾಗಿ ಸ್ಪಂದಿಸುತ್ತವೆ. ಬಲಶಾಲಿ ಎಂಜಿನ್ನಿನ, ವೇಗವಾಗಿ ಓಡುವ ಕಾರುಗಳಿಗೆ ಅದರ ಬೆಲೆ ಇದೆ. ಮಕ್ಕಳನ್ನು ಶಾಲೆಗೆ ಬಿಟ್ಟು, ಸಂತೆಗೆ ಹೋಗಿ, ವರ್ಷಕ್ಕೆ ಕೆಲವು ಬಾರಿ ಧರ್ಮಸ್ಥಳಕ್ಕೋ ಹೊರನಾಡಿಗೋ ಹೋಗಿಬರುವ ಕಾರಿನಲ್ಲಿ ಆ ಚುರುಕು ಕೈಗೆ ತಿಳಿಯುವ ಸಂದರ್ಭವೇ ಅಪರೂಪ.

ಒದ್ದೆ ರಸ್ತೆಯ ಕಥೆಯೇ ಬೇರೆ, ಮತ್ತು ನಮ್ಮ ರಾಜ್ಯಕ್ಕೆ ಹೆಚ್ಚು ಸಂಬಂಧಪಟ್ಟದ್ದು ಅದೇ. ಆಗುಂಬೆ, ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ಓಡಿಸುವವರಿಗೆ ರಸ್ತೆಯ ಮೇಲೆ ನಿಲ್ಲುವ ನೀರಿನ ಪದರ ಗೊತ್ತಿದೆ. ಟೈರ್ ಆ ನೀರನ್ನು ಪಕ್ಕಕ್ಕೆ ತಳ್ಳಿ ನೆಲ ಮುಟ್ಟಬೇಕು. ತಳ್ಳಲು ಸಮಯ ಸಾಲದಿದ್ದರೆ ಗದ್ದೆ ಮಟ್ಟ ಮಾಡುವ ಹಲಗೆ ನೀರಿನ ಮೇಲೆ ಸರಿದಂತೆ ಟೈರ್ ನೀರಿನ ಮೇಲೆಯೇ ಸರಿಯುತ್ತದೆ, ಆಗ ಬ್ರೇಕಿಗೂ ಸ್ಟೀರಿಂಗಿಗೂ ಅರ್ಥವಿರುವುದಿಲ್ಲ. 1960ರ ದಶಕದಲ್ಲಿ ಅಮೆರಿಕದ ನಾಸಾ ಸಂಶೋಧಕರು ವಿಮಾನದ ಚಕ್ರಗಳ ಮೇಲೆ ನಡೆಸಿದ ಪ್ರಯೋಗಗಳಿಂದ, ಈ ತೇಲಾಟ ಆರಂಭವಾಗುವ ವೇಗಕ್ಕೂ ಟೈರಿನ ಗಾಳಿಯ ಒತ್ತಡಕ್ಕೂ ನೇರ ಸಂಬಂಧವಿದೆ ಎಂದು ಕಂಡುಕೊಂಡು ಒಂದು ಸೂತ್ರವನ್ನೇ ಕೊಟ್ಟರು. ನೀರು ತುಂಬಿದ ರಸ್ತೆಯಲ್ಲಿ ಆ ಸೂತ್ರದ ಪ್ರಕಾರ 30 ಪಿಎಸ್‌ಐ ಇದ್ದರೆ ಗಂಟೆಗೆ ಸುಮಾರು 91 ಕಿ.ಮೀ. ವೇಗದಲ್ಲಿ, 24 ಪಿಎಸ್‌ಐಗೆ ಇಳಿದಿದ್ದರೆ ಸುಮಾರು 82 ಕಿ.ಮೀ. ವೇಗದಲ್ಲೇ ಚಕ್ರ ತೇಲತೊಡಗುತ್ತದೆ. ನೆಲ ಮುಟ್ಟುವ ಅಚ್ಚು ಅಡ್ಡವಾಗಿ ಗಿಡ್ಡವಾಗಿದ್ದಷ್ಟೂ ಆ ವೇಗ ಇನ್ನೂ ಕೆಳಗಿಳಿಯುತ್ತದೆ ಎಂಬುದು ಮುಂದಿನ ಅಧ್ಯಯನಗಳಲ್ಲಿ ಸ್ಪಷ್ಟವಾಯಿತು. ಅಗಲದ ಟೈರ್ ಹೆಚ್ಚು ನೀರನ್ನು ಕಡಿಮೆ ಸಮಯದಲ್ಲಿ ತಳ್ಳಬೇಕಾಗುವುದು ಇದರ ಕಾರಣ. ಟ್ರೆಡ್ಡಿನ, ಅಂದರೆ ಟೈರಿನ ನೆಲ ಮುಟ್ಟುವ ಮೈಯ ಕಾಲುವೆಗಳು ಹೊಸದಾಗಿ ಆಳವಾಗಿರುವಾಗ ಈ ಕೊರತೆ ಕಾಣುವುದಿಲ್ಲ. ಸವೆದಂತೆಲ್ಲ ಅಗಲದ ಟೈರ್ ಮೊದಲು ಸೋಲುತ್ತದೆ. ಮಳೆಗಾಲದ ಸುರಕ್ಷತೆಗೆಂದೇ ಅಗಲದ ಟೈರ್ ಹಾಕಿಸಿಕೊಳ್ಳಿ ಎನ್ನುವ ಸಲಹೆಯನ್ನು ಕೇಳಿದಾಗಲೆಲ್ಲ ನನಗೆ ನಿಜಕ್ಕೂ ಆತಂಕವಾಗುತ್ತದೆ.

ಕಿರಿದಾದ ಟೈರ್ ಎಂದರೆ ಅಗ್ಗದ ಕಾರಿನ ಗುರುತು ಎಂದು ಭಾವಿಸುವವರಿಗೆ ಒಂದು ವಿಷಯ ಹೇಳಬಹುದು. ಬಿಎಂಡಬ್ಲ್ಯು ಕಂಪನಿ 2013ರಲ್ಲಿ ತಂದ ಐ3 ಎಂಬ ವಿದ್ಯುತ್ ಕಾರಿಗೆ 155/70 ಆರ್19 ಅಳತೆಯ, ಅಂದರೆ ನಮ್ಮ ಸ್ವಿಫ್ಟ್‌ಗಿಂತಲೂ ಕಿರಿದಾದ ಟೈರುಗಳನ್ನು ಕೊಟ್ಟಿತ್ತು. ವ್ಯಾಸ ದೊಡ್ಡದು, ಅಗಲ ಚಿಕ್ಕದು. ಉರುಳುವ ಪ್ರತಿರೋಧ ಮತ್ತು ಗಾಳಿಯ ತಡೆ ಕಡಿಮೆಯಾದರೆ ಒಂದು ಬಾರಿ ಚಾರ್ಜ್ ಮಾಡಿದಾಗ ಹೆಚ್ಚು ದೂರ ಓಡಬಹುದು ಎಂಬುದು ಅವರ ಲೆಕ್ಕವಾಗಿತ್ತು. ಪೆಟ್ರೋಲ್ ಕಾರಿನಲ್ಲಿ ಅದೇ ಲೆಕ್ಕ ಮೈಲೇಜಿನ ರೂಪದಲ್ಲಿ ಕಾಣುತ್ತದೆ. ಅಗಲದ ಟೈರ್ ಸಾಮಾನ್ಯವಾಗಿ ತೂಕದಲ್ಲೂ ಹೆಚ್ಚು. ಪ್ರತಿ ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ ಆ ಹೆಚ್ಚಿನ ತೂಕವನ್ನು ಎಂಜಿನ್ ತಿರುಗಿಸಬೇಕು.

ದೊಡ್ಡ ರಿಮ್ಮಿನ ಮೋಹದ ಬಗ್ಗೆಯೂ ಒಂದು ಮಾತು. 16 ಇಂಚಿನ ಅಲಾಯ್ ವೀಲ್ ಹಾಕಿಸಿ 195/55 ಆರ್16 ಟೈರ್ ಕೂರಿಸಿದರೆ ವ್ಯಾಸ 620.9 ಮಿ.ಮೀ. ಬರುತ್ತದೆ, ಲೆಕ್ಕಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಆದರೆ ಪಕ್ಕದ ಗೋಡೆ 132 ಮಿ.ಮೀ.ನಿಂದ 107 ಮಿ.ಮೀ.ಗೆ ಇಳಿಯುತ್ತದೆ. ರಸ್ತೆ ಗುಂಡಿಯ ಹೊಡೆತವನ್ನು ರಿಮ್ಮಿಗೆ ತಲುಪದಂತೆ ತಡೆಯುವ ಮೆತ್ತೆ ಎರಡೂವರೆ ಸೆಂಟಿಮೀಟರ್ ಕಡಿಮೆಯಾಯಿತು ಎಂದರ್ಥ. ಮಳೆನೀರು ತುಂಬಿ ಆಳ ಕಾಣದ ಗುಂಡಿಗೆ ಚಕ್ರ ಇಳಿದಾಗ ಗೋಡೆ ಊದಿಕೊಳ್ಳುವುದು, ಅಲಾಯ್ ಬಿರುಕು ಬಿಡುವುದು ಇಂಥ ಚಕ್ರಗಳಲ್ಲೇ ಹೆಚ್ಚು. ಹೊರಗಿನ ಅಂಗಡಿಯ ರಿಮ್ಮಿನ ಆಫ್‌ಸೆಟ್, ಅಂದರೆ ರಿಮ್ಮಿನ ನಡುಗೆರೆಗೂ ಅದನ್ನು ಬೋಲ್ಟ್ ಮಾಡುವ ಮುಖಕ್ಕೂ ಇರುವ ಅಂತರ, ಬೇರೆಯಾಗಿದ್ದರೆ ಟೈರ್ ಹೊರಕ್ಕೆ ಚಾಚಿಕೊಂಡೋ ಒಳಗೆ ಸಸ್ಪೆನ್ಷನ್ನಿಗೆ ಉಜ್ಜಿಕೊಂಡೋ ಓಡುತ್ತದೆ. ವೀಲ್ ಬೇರಿಂಗಿನ ಮೇಲೂ ಅದರ ಹೊರೆ ಬೀಳುತ್ತದೆ. ರಿಮ್ ಬದಲಿಸದೆ ಟೈರಿನ ಅಗಲವನ್ನು ಮಾತ್ರ 20 ಮಿ.ಮೀ. ಹೆಚ್ಚಿಸಿದರೂ ಒಳಕ್ಕೆ 10, ಹೊರಕ್ಕೆ 10 ಮಿ.ಮೀ. ಚಾಚುತ್ತದೆ ಎಂಬುದನ್ನು ಮರೆಯಬಾರದು. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಹಿಂದೆ ಜನರನ್ನು ಕೂರಿಸಿ, ಉಬ್ಬೊಂದನ್ನು ದಾಟಿಸಿ ನೋಡಿದಾಗ ಮಾತ್ರ ಉಜ್ಜುವುದು ತಿಳಿಯುತ್ತದೆ. ಅಂಗಡಿಯ ಜಾಕ್ ಮೇಲೆ ತಿಳಿಯುವುದಿಲ್ಲ.

ಕಾನೂನಿನ ಕಡೆಯಿಂದ ನೋಡಿದರೆ, ಖಾಸಗಿ ಕಾರಿನ ಆರ್‌ಸಿಯಲ್ಲಿ ಟೈರಿನ ಅಳತೆ ಕಾಣುವುದಿಲ್ಲವಾದ್ದರಿಂದ ಏನು ಹಾಕಿಸಿದರೂ ನಡೆಯುತ್ತದೆ ಎಂಬ ಭಾವನೆ ಇದೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಂದ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ನನ್ನು ಕಟ್ಟುನಿಟ್ಟಾಗಿಯೇ ಅರ್ಥೈಸಿತು. ಟೈರಿನ ಸ್ಥಿತಿ ಮತ್ತು ಅಳತೆಗಳಿಗೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 94 ಮತ್ತು 95ನೇ ನಿಯಮಗಳಿವೆ. ಕಾರಿನ ಟೈರಿನ ಟ್ರೆಡ್ 1.6 ಮಿ.ಮೀ.ಗಿಂತ ಕಡಿಮೆ ಆಳಕ್ಕೆ ಸವೆದಿರಬಾರದು ಎಂಬುದು ಅಲ್ಲಿಯದೇ. ಇದನ್ನು ಹೇಳುವುದು ಯಾರನ್ನೂ ಹೆದರಿಸಲು ಅಲ್ಲ. ಅಪಘಾತವಾದಾಗ ವಿಮಾ ಸಮೀಕ್ಷಕರು ಟೈರನ್ನೂ ನೋಡುತ್ತಾರೆ, ಆಗ ಕಂಪನಿ ಹೇಳಿದ ಅಳತೆ ಇದ್ದರೆ ವಾದಕ್ಕೆ ಆಸ್ಪದವೇ ಇರುವುದಿಲ್ಲ.

ಹಾಗಾದರೆ ಅಳತೆಯನ್ನು ಬದಲಿಸಲೇಬಾರದೇ ಎಂದು ಕೇಳುವವರಿಗೆ ನನ್ನ ಉತ್ತರ ಹೀಗಿದೆ. ಚಾಲಕನ ಬಾಗಿಲು ತೆರೆದರೆ ಪಕ್ಕದ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಕಾರಿಗೆ ಒಪ್ಪುವ ಟೈರಿನ ಅಳತೆ ಮತ್ತು ಗಾಳಿಯ ಒತ್ತಡ ಅದರಲ್ಲಿರುತ್ತದೆ. ಕಾರಿನ ಜೊತೆ ಬಂದ ಕೈಪಿಡಿಯಲ್ಲೂ ಅದು ಇದೆ. ಮೊದಲ ಆಯ್ಕೆ ಯಾವಾಗಲೂ ಅದೇ ಅಳತೆ. ಈಗ ಕಾರಿನಲ್ಲಿರುವ ಟೈರನ್ನು ನೋಡಿ ಅಳತೆ ಬರೆದುಕೊಳ್ಳುವುದು ಸಾಲದು, ಏಕೆಂದರೆ ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಹಿಂದಿನ ಮಾಲೀಕರು ಏನು ಹಾಕಿಸಿದ್ದರೋ ಹೇಳಲಾಗದು. ಬದಲಿಸಲೇಬೇಕೆಂಬ ಮನಸ್ಸಿದ್ದರೆ ಅದೇ ಮಾದರಿಯ, ಅದೇ ವರ್ಷಗಳ ಮೇಲಿನ ಆವೃತ್ತಿಗೆ ಕಂಪನಿಯೇ ಕೊಟ್ಟಿರುವ ಅಳತೆಗೆ, ಅದಕ್ಕೆ ತಕ್ಕ ಕಂಪನಿಯ ರಿಮ್ಮಿನ ಸಮೇತ ಹೋಗಬಹುದು. ಸ್ವಿಫ್ಟ್‌ಗೆ 185/65 ಆರ್15 ಹಾಗೆಯೇ ಆಗುತ್ತದೆ. 2019ರ ವ್ಯಾಗನ್‌ಆರ್‌ನಲ್ಲೂ ಕೆಳಗಿನ ಆವೃತ್ತಿಗೆ 155/80 ಆರ್13, ಮೇಲಿನವಕ್ಕೆ 165/70 ಆರ್14 ಎಂಬ ಎರಡು ಅಳತೆಗಳಿದ್ದವು. ಹಾಗೆ ಬದಲಿಸಿದರೂ ಗಾಳಿಯ ಒತ್ತಡವನ್ನು ಆ ಆವೃತ್ತಿಯ ಚೀಟಿಯಂತೆ ಇಡಬೇಕು. ಇದರ ಹೊರಗಿನ 185/70 ಆರ್14ರಂಥ ಅಳತೆಗಳು ವ್ಯಾಸದಲ್ಲೂ ರಿಮ್ಮಿನಲ್ಲೂ ಭಾರದಲ್ಲೂ ತಾಳೆಯಾಗಬಹುದು. ಆದರೂ ಕಂಪನಿ ಆ ಕಾರಿನ ಮೇಲೆ ಅದನ್ನು ಪರೀಕ್ಷಿಸಿಲ್ಲ, ಮನೆಯ ಕಾರಿಗೆ ಅದರಿಂದ ಆಗುವ ಲಾಭ ಅಷ್ಟಕ್ಕಷ್ಟೇ. ಅಗಲಕ್ಕೆ ಕೊಡುವ ಹೆಚ್ಚಿನ ಹಣವನ್ನು ಅದೇ ಮೂಲ ಅಳತೆಯಲ್ಲಿ ಒಳ್ಳೆಯ ದರ್ಜೆಯ ಟೈರಿಗೆ ಕೊಟ್ಟರೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಯುವ ದೂರದಲ್ಲಿ ಅದರ ಫಲ ಕಾಣುತ್ತದೆ. ಒದ್ದೆಯಲ್ಲಿ ಹಿಡಿತ, ಉರುಳುವ ಪ್ರತಿರೋಧ, ಸದ್ದು ಈ ಮೂರಕ್ಕೂ 2022ರಲ್ಲಿ ಕೇಂದ್ರ ಸರ್ಕಾರ ಕಡ್ಡಾಯ ಮಾನದಂಡ ತಂದಿದೆ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಆ ಗುಣಗಳ ಬಗ್ಗೆ.

ಒಂದು ಆಕ್ಸಲ್ಲಿನ ಎರಡೂ ಟೈರ್ ಒಂದೇ ಅಳತೆಯವಾಗಿರಬೇಕು ಎಂಬುದನ್ನು ಹೆಚ್ಚು ವಿವರಿಸಬೇಕಿಲ್ಲ. ನಮ್ಮ ಸಾಮಾನ್ಯ ಕಾರುಗಳಲ್ಲಿ ಹಿಂದು ಮುಂದುಗಳಿಗೂ ಅದೇ ಮಾತು, ಏಕೆಂದರೆ 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಲ್ಲಿ ಕಡ್ಡಾಯವಾಗಿರುವ, ಬ್ರೇಕ್ ಹಿಡಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆ ನಾಲ್ಕೂ ಚಕ್ರಗಳ ವೇಗವನ್ನು ಹೋಲಿಸಿ ಕೆಲಸ ಮಾಡುತ್ತದೆ. ಎರಡೇ ಹೊಸ ಟೈರ್ ಕೊಳ್ಳುವವರು ಅವನ್ನು ಹಿಂದಿನ ಚಕ್ರಗಳಿಗೆ ಹಾಕಿಸಬೇಕು. ಒದ್ದೆ ರಸ್ತೆಯಲ್ಲಿ ಹಿಂಬದಿ ಜಾರಿದರೆ ಸಾಮಾನ್ಯ ಚಾಲಕರಿಗೆ ಕಾರನ್ನು ಹಿಡಿತಕ್ಕೆ ತರುವುದು ಬಹಳ ಕಷ್ಟ. ನಾಲ್ಕು ಟೈರಿನ ಅಳತೆ ಬದಲಿಸಿ ಸ್ಟೆಪ್ನಿಯನ್ನು ಹಳೆಯ ಅಳತೆಯಲ್ಲೇ ಬಿಟ್ಟವರು, ಪಂಕ್ಚರ್ ಆದ ರಾತ್ರಿ ಎರಡು ವ್ಯಾಸದ ಚಕ್ರಗಳ ಮೇಲೆ ಮನೆಗೆ ಬರಬೇಕಾಗುತ್ತದೆ ಎಂಬುದನ್ನೂ ಮೊದಲೇ ಯೋಚಿಸಬೇಕು.

ಕೊನೆಯದಾಗಿ ಮೂರು ಕೋರಿಕೆಗಳಿವೆ. ಕಾರುಗಳ ಕೈಪಿಡಿಗಳಾಗಲಿ ಬಾಗಿಲ ಕಂಬದ ಚೀಟಿಯಾಗಲಿ ಸಾಮಾನ್ಯವಾಗಿ ಕನ್ನಡದಲ್ಲಿ ಇರುವುದಿಲ್ಲ. ಮೈಸೂರಿನ ಮೇಟಗಳ್ಳಿಯಲ್ಲಿ ವಿಕ್ರಾಂತ್ ಹೆಸರಿನಲ್ಲಿ ಆರಂಭವಾಗಿ ಈಗ ಜೆಕೆ ಟೈರ್ ನಡೆಸುತ್ತಿರುವ ಕಾರ್ಖಾನೆಯಿಂದ ದಶಕಗಳಿಂದ ಟೈರುಗಳು ಹೊರಬರುತ್ತಿರುವ ನಾಡು ನಮ್ಮದು; ಟೈರಿನ ಗೋಡೆಯನ್ನು ಓದುವುದು ಹೇಗೆಂದು ಕನ್ನಡದಲ್ಲಿ ಒಂದು ಪುಟದ ಕರಪತ್ರವನ್ನು ಟೈರ್ ಕಂಪನಿಗಳು ಪ್ರತಿ ಅಂಗಡಿಯಲ್ಲೂ ಇಡುವುದು ದೊಡ್ಡ ಕೆಲಸವೇನಲ್ಲ. ಎರಡನೆಯದು ಸಾರಿಗೆ ಇಲಾಖೆಗೆ: ಎಲ್‌ಎಲ್ಆರ್ ಪರೀಕ್ಷೆಯ ಪ್ರಶ್ನೆಗಳಲ್ಲಿ ರಸ್ತೆ ಚಿಹ್ನೆಗಳ ಜೊತೆಗೆ ಟೈರಿನ ಅಳತೆ, ಟ್ರೆಡ್ಡಿನ ಆಳ, ಗಾಳಿಯ ಒತ್ತಡದ ಬಗ್ಗೆಯೂ ಕೇಳುವಂತಾಗಲಿ. ಮೂರನೆಯದು ಟೈರ್ ಅಂಗಡಿಗಳವರಿಗೆ: ಬಿಲ್ಲಿನಲ್ಲಿ "ಟೈರ್ ನಾಲ್ಕು" ಎಂದಷ್ಟೇ ಬರೆಯದೆ, ಪೂರ್ತಿ ಅಳತೆ, ಭಾರ ಮತ್ತು ವೇಗದ ಸೂಚ್ಯಂಕ, ಟೈರ್ ತಯಾರಾದ ವಾರ ಮತ್ತು ವರ್ಷ ಸೂಚಿಸುವ ನಾಲ್ಕಂಕಿಯ ಸಂಖ್ಯೆ ಇಷ್ಟನ್ನೂ ನಮೂದಿಸಿ, ಕಂಪನಿ ಹೇಳಿದ್ದಕ್ಕಿಂತ ಬೇರೆ ಅಳತೆ ಹಾಕಿದ್ದರೆ ಅದನ್ನೂ ಬರೆದು ಗ್ರಾಹಕರ ಸಹಿ ಪಡೆಯಲಿ. ಗ್ರಾಹಕರೂ ಅಂಥ ಬಿಲ್ ಕೇಳಿ ಪಡೆಯಲಿ.

ಇತಿ ತಮ್ಮ ವಿಶ್ವಾಸಿ,
ಓದುಗ, ಶಿವಮೊಗ್ಗ